ಹಲ್ವಾ, ಜಾಬ್ ಕಾರ್ಡು ಮತ್ತು ಹಿರಿಯರ ಮನೆ

2025ರ ಫೆಬ್ರವರಿ 1, ಶನಿವಾರ. ನಿಪ್ಪಾಣಿಯ ನಮ್ಮ ಓಣಿಯಲ್ಲಿ ನನ್ನ ತಾಯಿಯ ಅಕ್ಕ, ಅಂದರೆ ನಮ್ಮ ದೊಡ್ಡ ಖಾಲಾ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತ ಕುಳಿತಿದ್ದರು. ಎದುರಿನ ಟಿ.ವಿ.ಯಲ್ಲಿ ಹಣಕಾಸು ಸಚಿವೆ ಬಜೆಟ್ ಓದುತ್ತಿದ್ದರು. ಹನ್ನೆರಡು ಲಕ್ಷದವರೆಗಿನ ವರಮಾನಕ್ಕೆ ತೆರಿಗೆ ಇಲ್ಲ ಎಂಬ ಘೋಷಣೆಗೆ ಸದನದಲ್ಲಿ ಮೇಜು ಕುಟ್ಟುವ ಸದ್ದು ಎದ್ದಿತು. ಖಾಲಾ ಎಲೆ ಸುತ್ತುವ ಕೈ ನಿಲ್ಲಿಸದೆಯೇ ನನ್ನನ್ನು ಕೇಳಿದರು: "ಕ್ಯಾ ಬೋಲೀ ರೇ ಉನೇ? ಬೀಡೀ ಕಾ ಕುಚ್ ಬೋಲೀ ಕ್ಯಾ?"

ಏನೂ ಹೇಳಲಿಲ್ಲ ಎಂದೆ. ಅವರು ದಾರ ಸುತ್ತಿ ಬಾಯಿ ಮಡಿಚಿ ಇನ್ನೊಂದು ಎಲೆ ಕೈಗೆತ್ತಿಕೊಂಡರು.

ನಾನು ಕಥೆ ಬರೆಯುವವನು, ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಕಥೆ ಬರೆಯುವವನಿಗೆ ಒಂದು ಅಭ್ಯಾಸವಿರುತ್ತದೆ. ಯಾವ ಬರಹ ಕೈಗೆ ಬಂದರೂ ಇದರಲ್ಲಿ ಯಾರಿಗೆ ಮಾತು ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಎಂದು ನೋಡುವ ಅಭ್ಯಾಸ. ಬಜೆಟ್ ಭಾಷಣವೂ ಒಂದು ಬರಹವೇ. ಅದರಲ್ಲಿ ನಾಯಕರಿದ್ದಾರೆ, ತಿರುವುಗಳಿವೆ, ನಡುನಡುವೆ ಕಾವ್ಯವೂ ಇದೆ. 2019ರ ಜುಲೈ ಬಜೆಟ್ಟಿನಲ್ಲಿ ಒಂದು ಉರ್ದು ಶೇರ್ ಕೇಳಿ ನಮ್ಮ ಓಣಿಯ ಹುಡುಗರು ಖುಷಿಪಟ್ಟಿದ್ದರು. ಅದೇ ವರ್ಷ ಸೂಟ್‌ಕೇಸಿನ ಬದಲು ಕೆಂಪು ಬಟ್ಟೆಯಲ್ಲಿ ಸುತ್ತಿದ ಬಹಿ ಖಾತಾ ಬಂದಿತ್ತು. ನಿಪ್ಪಾಣಿಯ ತಂಬಾಕು ವಖಾರಿಗಳ ನಡುವೆ ಬೆಳೆದ ನಮಗೆ ಆ ಕೆಂಪು ಬಟ್ಟೆಯ ಪುಸ್ತಕ ಹೊಸದೇನಲ್ಲ. ಅದರಲ್ಲಿ ನಮ್ಮ ಹೆಸರು ಯಾವಾಗಲೂ ಬಾಕಿಯ ಕಡೆಗೇ ಇರುತ್ತಿತ್ತು. ಪುಸ್ತಕ ನಮ್ಮ ಕೈಗೆ ಮಾತ್ರ ಬರುತ್ತಿರಲಿಲ್ಲ.

ಈ ಬರಹದಲ್ಲಿ ಮೂರು ವಿಷಯಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂದಿದ್ದೇನೆ. ಬಜೆಟ್ಟಿನ ಗುಟ್ಟು, ಹಳ್ಳಿಯ ಕೂಲಿ, ಮತ್ತು ಮೇಲ್ಮನೆಯ ಸುಧಾರಣೆ. ಮೇಲ್ನೋಟಕ್ಕೆ ಇವು ಮೂರು ಬೇರೆ ಬೇರೆ ಊರಿನ ದಾರಿಗಳು. ಆದರೆ ನಮ್ಮ ಗಡಿಭಾಗದಲ್ಲಿ ನಿಂತು ನೋಡಿದರೆ ಮೂರೂ ಒಂದೇ ಅಗಸೆಗೆ ಬಂದು ಸೇರುತ್ತವೆ.

ಗುಟ್ಟು ಯಾರಿಂದ?

ಬಜೆಟ್ ಮುದ್ರಣ ಶುರುವಾಗುವಾಗ ದಿಲ್ಲಿಯ ನಾರ್ತ್ ಬ್ಲಾಕಿನಲ್ಲಿ ದೊಡ್ಡ ಕಡಾಯಿಯಲ್ಲಿ ಹಲ್ವಾ ಮಾಡಿ ಹಂಚುವ ರೂಢಿ ಇದೆ. ಆ ಬಳಿಕ ಅಧಿಕಾರಿಗಳು ಮತ್ತು ಮುದ್ರಣದ ಸಿಬ್ಬಂದಿ ಒಳಗೆ ಬಂದಿಗಳಾಗುತ್ತಾರೆ. ಬಜೆಟ್ ಓದಿ ಮುಗಿಯುವವರೆಗೆ ಮನೆಯವರೊಂದಿಗೂ ಮಾತಿಲ್ಲ. ಈ ಕಟ್ಟುನಿಟ್ಟಿಗೆ ಇತಿಹಾಸವಿದೆ. 1950ರಲ್ಲಿ ಜಾನ್ ಮಥಾಯಿ ಹಣಕಾಸು ಸಚಿವರಾಗಿದ್ದಾಗ ಬಜೆಟ್ಟಿನ ಒಂದು ಭಾಗ ಸೋರಿಹೋಯಿತು. ಆಗ ಮುದ್ರಣ ರಾಷ್ಟ್ರಪತಿ ಭವನದಲ್ಲಿ ನಡೆಯುತ್ತಿತ್ತು. ಅದನ್ನು ಮಿಂಟೋ ರಸ್ತೆಯ ಮುದ್ರಣಾಲಯಕ್ಕೆ ಸಾಗಿಸಿದರು. 1980ರಲ್ಲಿ ಅದು ನಾರ್ತ್ ಬ್ಲಾಕಿನ ನೆಲಮಾಳಿಗೆಗೆ ಇಳಿಯಿತು.

ಈ ಪದ್ಧತಿ ಬ್ರಿಟನ್ನಿನಿಂದ ಬಂದದ್ದು. ಅಲ್ಲಿ 1947ರ ನವೆಂಬರ್‌ನಲ್ಲಿ ಹಣಕಾಸು ಸಚಿವ ಹ್ಯೂ ಡಾಲ್ಟನ್ ಸದನದೊಳಗೆ ಹೋಗುವ ದಾರಿಯಲ್ಲಿ ಪತ್ರಕರ್ತನೊಬ್ಬನಿಗೆ ಬಜೆಟ್ಟಿನ ಒಂದೆರಡು ಮಾತು ಹೇಳಿಬಿಟ್ಟರು. ಭಾಷಣ ಮುಗಿಯುವ ಮೊದಲೇ ಅದು ಸಂಜೆ ಪತ್ರಿಕೆಯಲ್ಲಿ ಅಚ್ಚಾಯಿತು. ಮರುದಿನ ಡಾಲ್ಟನ್ ರಾಜೀನಾಮೆ ಕೊಟ್ಟರು. ಅದಾದ ಎರಡು ವಾರದೊಳಗೆ, ನವೆಂಬರ್ 26ರಂದು, ಷಣ್ಮುಖಂ ಚೆಟ್ಟಿ ಸ್ವತಂತ್ರ ಭಾರತದ ಮೊದಲ ಬಜೆಟ್ ಮಂಡಿಸಿದರು. ಗುಟ್ಟಿನ ಪಾಠವೂ ನಮ್ಮ ಬಜೆಟ್ಟೂ ಹೀಗೆ ಒಂದೇ ತಿಂಗಳಿನವು.

ಗುಟ್ಟಿಗೆ ಆಗ ನ್ಯಾಯವಾದ ಕಾರಣವಿತ್ತು. ನಾಳೆ ಯಾವ ಸಾಮಾನಿನ ಮೇಲೆ ಸುಂಕ ಏರುತ್ತದೆ ಎಂದು ಇಂದೇ ಗೊತ್ತಾದರೆ ವ್ಯಾಪಾರಿ ಮಾಲು ಬಚ್ಚಿಡುತ್ತಾನೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಬಾಲ್ಯದಲ್ಲಿ ಫೆಬ್ರವರಿ ಕೊನೆಯ ವಾರ ಬಂದರೆ ಸಾಕು, ಪಾನಪಟ್ಟಿ ಅಂಗಡಿಗಳಲ್ಲಿ ಸಿಗರೇಟು ಮಾಯವಾಗುತ್ತಿತ್ತು. "ಬಜೆಟ್ ಆದ ಮ್ಯಾಲ ಬರ್ರಿ" ಎನ್ನುತ್ತಿದ್ದರು ಅಂಗಡಿಯವರು. ಗುಟ್ಟು ಕಾಯ್ದರೂ ಊಹೆಯ ಮೇಲೆ ಇಷ್ಟು ನಡೆಯುತ್ತಿತ್ತು. ಬಿಟ್ಟುಕೊಟ್ಟಿದ್ದರೆ ಇನ್ನೆಷ್ಟು ನಡೆಯುತ್ತಿತ್ತೋ!

ಆದರೆ 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಬಹುಪಾಲು ಸರಕುಗಳ ತೆರಿಗೆಯನ್ನು ಈಗ ಬಜೆಟ್ ನಿಗದಿ ಮಾಡುವುದಿಲ್ಲ. ಕೇಂದ್ರ ಮತ್ತು ರಾಜ್ಯಗಳ ಮಂತ್ರಿಗಳು ಸೇರಿದ ಮಂಡಳಿ ನಿಗದಿ ಮಾಡುತ್ತದೆ. ಸಭೆಗೆ ಮೊದಲು ವಾರಗಟ್ಟಲೆ ಪತ್ರಿಕೆಗಳಲ್ಲಿ ಚರ್ಚೆ ನಡೆಯುತ್ತದೆ. 2025ರ ಸೆಪ್ಟೆಂಬರ್ 3ರಂದು ಆ ಮಂಡಳಿ ಬೀಡಿಯ ಮೇಲಿನ ತೆರಿಗೆಯನ್ನು ಶೇ. 28ರಿಂದ 18ಕ್ಕೂ, ಬೀಡಿ ಎಲೆಯ ಮೇಲಿನದನ್ನು ಶೇ. 18ರಿಂದ 5ಕ್ಕೂ ಇಳಿಸುವ ತೀರ್ಮಾನ ಮಾಡಿತು. ಬೀಡಿಯ ಹೊಸ ದರ ಜಾರಿಗೆ ಬರುವುದಕ್ಕೆ ತಿಂಗಳುಗಳ ಮೊದಲೇ ಇಡೀ ದೇಶಕ್ಕೆ ಅದು ತಿಳಿದಿತ್ತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಹಾಗಿದ್ದರೆ ಬಜೆಟ್ಟಿನಲ್ಲಿ ಗುಟ್ಟಾಗಿ ಉಳಿಯಬೇಕಾದದ್ದು ಏನು? ಆಮದು ಸುಂಕ, ವರಮಾನ ತೆರಿಗೆಯ ಕೆಲವು ಬದಲಾವಣೆ, ಅಷ್ಟೇ. ಆದರೆ ಗುಟ್ಟಿನ ಚಾದರ ಈಗಲೂ ಇಡೀ ಕಡತದ ಮೇಲಿದೆ. ಶಾಲೆಗೆ ಎಷ್ಟು, ಆಸ್ಪತ್ರೆಗೆ ಎಷ್ಟು, ಹಳ್ಳಿಯ ಕೂಲಿಗೆ ಎಷ್ಟು ಎಂಬುದನ್ನು ಮೊದಲೇ ಹೇಳಿದರೆ ಯಾವ ವ್ಯಾಪಾರಿ ಏನನ್ನು ಬಚ್ಚಿಟ್ಟಾನು? ಕೂಲಿಯನ್ನು ಗೋದಾಮಿನಲ್ಲಿ ತುಂಬಿಡಲು ಬರುತ್ತದೆಯೇ?

ಗುಟ್ಟು ಇಲ್ಲದಿದ್ದರೆ ಪ್ರಭಾವಿಗಳು ಸಚಿವರ ಮೇಲೆ ಒತ್ತಡ ತರುತ್ತಾರೆ ಎಂಬ ವಾದವೂ ಇದೆ. ತಳ್ಳಿಹಾಕುವ ಮಾತಲ್ಲ. ಆದರೆ ಬಜೆಟ್ಟಿಗೆ ಮುಂಚಿನ ಸಮಾಲೋಚನೆಗೆ ದೊಡ್ಡ ಉದ್ಯಮಗಳ ಸಂಘಗಳನ್ನು ಸರ್ಕಾರವೇ ಕರೆಯುತ್ತದೆ. ಕಾರ್ಮಿಕ ಸಂಘಗಳನ್ನೂ ಕರೆಯುತ್ತದೆ, ನಿಜ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸಿನ ದನಿ ಆ ಕೋಣೆಯವರೆಗೆ ಹೋಗುವ ದಾರಿ ಯಾವುದು? ಬಾಗಿಲು ಮುಚ್ಚಿದಾಗ ಹೊರಗುಳಿಯುವವರು ಮೊದಲೇ ಹೊರಗಿದ್ದವರು.

ಕಾಣದೆ ಹೋದ ಒಂದು ಸೆಸ್

ಒಂದು ಉದಾಹರಣೆ ಕೊಡುತ್ತೇನೆ. 1976ರಲ್ಲಿ ಸಂಸತ್ತು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಮಾಡಿತು. ತಯಾರಾದ ಬೀಡಿಯ ಮೇಲೆ ಒಂದು ಸಣ್ಣ ಸೆಸ್. ಆ ಹಣ ಬೀಡಿ ಕಟ್ಟುವವರ ಆಸ್ಪತ್ರೆಗೆ, ಮನೆಗೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ. ನಮ್ಮ ಓಣಿಯಲ್ಲಿ ಆ ವಿದ್ಯಾರ್ಥಿವೇತನದ ಅರ್ಜಿ ತುಂಬುವುದು ಒಂದು ಹಬ್ಬದಂತಿತ್ತು. ಉರ್ದು ಶಾಲೆಯ ನಮ್ಮ ಮಾಸ್ತರರು ಜಗಲಿಯ ಮೇಲೆ ಕುಳಿತು ಹತ್ತಾರು ಮನೆಯ ಅರ್ಜಿಗಳನ್ನು ಬರೆದುಕೊಡುತ್ತಿದ್ದರು. ಬೀಡಿ ಕಟ್ಟುವ ನನ್ನ ಅಮ್ಮಿ ಎಲೆಯ ಕಂತೆಯ ಕೆಳಗೆ ತಮ್ಮ ಗುರುತಿನ ಚೀಟಿಯನ್ನು ಜೋಪಾನವಾಗಿ ಇಡುತ್ತಿದ್ದರು.

2017ರಲ್ಲಿ ಜಿಎಸ್‌ಟಿ ಜೊತೆಗೆ ಆ ಸೆಸ್ ರದ್ದಾಯಿತು. ಹಲವು ಸೆಸ್‌ಗಳನ್ನು ಕೂಡಿಸಿ ಒಂದೇ ತೆರಿಗೆ ಮಾಡುವಾಗ ಇದೂ ಹೋಯಿತು. ಕಲ್ಯಾಣದ ಖರ್ಚನ್ನು ಇನ್ನು ಸಾಮಾನ್ಯ ಬಜೆಟ್ಟಿನಿಂದ ಕೊಡಬೇಕು. ಅರ್ಥಶಾಸ್ತ್ರದ ಲೆಕ್ಕದಲ್ಲಿ ಇದು ಸರಿಯೇ ಇರಬಹುದು. ಆದರೆ ಎರಡರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಸೆಸ್ ಇದ್ದಾಗ ಆ ದುಡ್ಡು ಅವರ ಹೆಸರಿನಲ್ಲಿ ಇಟ್ಟ ಅಮಾನತ್ತು. ಬಜೆಟ್ಟಿನ ಸಾಲಾದ ಮೇಲೆ ಅದು ವರ್ಷ ವರ್ಷವೂ ಕೇಳಿ ಪಡೆಯಬೇಕಾದ ಅನುದಾನ. ಅಮಾನತ್ತು ಅನುದಾನವಾದ ದಿನ ಯಾರಾದರೂ ನಿಪ್ಪಾಣಿಗೆ ಬಂದು ಈ ಹೆಂಗಸರಿಗೆ ಹೇಳಿದರೇ? ನನಗೆ ತಿಳಿದಂತೆ ನಮ್ಮ ಓಣಿಗೆ ಯಾರೂ ಬರಲಿಲ್ಲ. ಸೆಸ್ ಎಂಬುದೊಂದು ಇತ್ತು ಎಂದು ಖಾಲಾಗೆ ಗೊತ್ತಾದದ್ದು ಅದು ಹೋದ ಮೇಲೆ, ಅದೂ ನನ್ನಿಂದ.

ನಿಪ್ಪಾಣಿಗೆ ಕೇಳಲು ಬರುವುದಿಲ್ಲ ಎಂದಲ್ಲ. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ರೈತರು ಪ್ರಾಣ ಕೊಟ್ಟರು. ಅದೇ ಕಾಲದಲ್ಲಿ ವಖಾರಿಗಳಲ್ಲಿ ತಂಬಾಕು ಕುಟ್ಟಿ ಜರಡಿ ಹಿಡಿಯುವ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದರು. ಯುಗಾಂತರ್ ತಂಡದ 1982ರ ಸಾಕ್ಷ್ಯಚಿತ್ರದಲ್ಲಿ ಅವರು ತಮ್ಮ ಮಾತನ್ನು ತಾವೇ ಆಡುತ್ತಾರೆ. ದನಿ ಇತ್ತು, ಇದೆ. ಆ ದನಿಗೆ ಸದನದೊಳಗೆ ಒಂದು ಕುರ್ಚಿ ಸಿಕ್ಕಿತೇ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಮೊದಲು ಕೂಲಿಯ ಕಥೆ ನೋಡೋಣ.

ನೆರೆಮನೆಯಿಂದ ಹೊರಟ ಕಾಯ್ದೆ

ಹಳ್ಳಿಯಲ್ಲಿ ಕೆಲಸ ಕೇಳುವುದು ಹಕ್ಕು ಎಂಬ ವಿಚಾರ ದಿಲ್ಲಿಯಲ್ಲಿ ಹುಟ್ಟಿದ್ದಲ್ಲ. ಅದು ನಮ್ಮ ನೆರೆಯ ಸಾಂಗಲಿ ಜಿಲ್ಲೆಯಲ್ಲಿ ಹುಟ್ಟಿತು. ವಿ.ಸ. ಪಾಗೆ ಎಂಬ ಗಾಂಧಿವಾದಿ 1969ರ ಹೊತ್ತಿಗೆ ತಾಸಗಾಂವ್ ತಾಲೂಕಿನಲ್ಲಿ ಅದರ ಪ್ರಯೋಗ ಮಾಡಿಸಿದರು. 1972ರ ಭೀಕರ ಬರದಲ್ಲಿ ಅದು ಮಹಾರಾಷ್ಟ್ರದಾದ್ಯಂತ ಹಬ್ಬಿತು. 1977ರಲ್ಲಿ ಉದ್ಯೋಗ ಖಾತರಿ ಕಾಯ್ದೆಯಾಯಿತು. ಇದಕ್ಕೆ ಹಣ ಎಲ್ಲಿಂದ? ಪಟ್ಟಣದಲ್ಲಿ ಸಂಬಳ ಪಡೆಯುವವರ ಮೇಲೆ ವೃತ್ತಿ ತೆರಿಗೆ ಹಾಕಿದರು. ಮುಂಬಯಿಯ ಗುಮಾಸ್ತ ಕೊಟ್ಟ ರೂಪಾಯಿ ಬರದ ಹಳ್ಳಿಯ ಕೆರೆ ಏರಿಗೆ ಹೋಯಿತು. ತೆರಿಗೆ ಕೊಟ್ಟವನಿಗೂ ಅದು ಎಲ್ಲಿಗೆ ಹೋಗುತ್ತದೆಂದು ಗೊತ್ತಿತ್ತು, ಮಣ್ಣು ಹೊತ್ತವನಿಗೂ ಅದು ಎಲ್ಲಿಂದ ಬಂತೆಂದು ಗೊತ್ತಿತ್ತು.

ಈ ಪಾಗೆಯವರು ಮಂತ್ರಿಯಲ್ಲ. ಅವರು 1960ರಿಂದ 1978ರವರೆಗೆ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿ. ಮೇಲ್ಮನೆ ಎಂದರೆ ಸೋತವರ ಛತ್ರ ಎಂದು ನಾವು ನಗುತ್ತೇವಲ್ಲ, ದೇಶದ ದೊಡ್ಡ ಕೂಲಿ ಕಾಯ್ದೆಯ ಬೀಜ ಅಂಥ ಒಂದು ಮೇಲ್ಮನೆಯ ಪೀಠದಲ್ಲಿ ಕುಳಿತವರ ತಲೆಯಲ್ಲಿ ಮೊಳೆತದ್ದು.

ರಾಷ್ಟ್ರಮಟ್ಟದ ಮಸೂದೆ 2004ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು. ಸ್ಥಾಯಿ ಸಮಿತಿಗೆ ಹೋಯಿತು, ತಿದ್ದುಪಡಿಗಳಾದವು, 2005ರ ಆಗಸ್ಟ್‌ನಲ್ಲಿ ಎರಡೂ ಸದನಗಳು ಒಪ್ಪಿದವು. ಎಂಟು ತಿಂಗಳ ಚರ್ಚೆ. 2006ರ ಫೆಬ್ರವರಿ 2ರಂದು 200 ಜಿಲ್ಲೆಗಳಲ್ಲಿ ಶುರುವಾಯಿತು. ನಮ್ಮ ಬೆಳಗಾವಿ ಜಿಲ್ಲೆಗೆ 2007ರ ಎರಡನೇ ಹಂತದಲ್ಲಿ ಬಂತು. ಕೆಲಸ ಕೇಳಿದ 15 ದಿನದಲ್ಲಿ ಕೊಡಬೇಕು, ಇಲ್ಲವಾದರೆ ನಿರುದ್ಯೋಗ ಭತ್ಯೆ ಕೊಡಬೇಕು. ದೈಹಿಕ ಕೂಲಿಯ ಪೂರ್ತಿ ಹಣ ಕೇಂದ್ರದ್ದು. ಕಾಗದದ ಮೇಲಾದರೂ ಬಜೆಟ್ ಕೂಲಿಯನ್ನು ಅಳೆಯುತ್ತಿರಲಿಲ್ಲ, ಕೂಲಿಯೇ ಬಜೆಟ್ಟನ್ನು ಅಳೆಯುತ್ತಿತ್ತು. ಕೊರೋನಾ ವರ್ಷದಲ್ಲಿ ಇದು ನಿಜವೂ ಆಯಿತು. 2020-21ಕ್ಕೆ ಇಟ್ಟಿದ್ದ 61,500 ಕೋಟಿಯ ಅಂದಾಜು ಪರಿಷ್ಕೃತ ಲೆಕ್ಕದಲ್ಲಿ 1,11,500 ಕೋಟಿಗೆ ಏರಿತು.

ವೇದಗಂಗೆಯ ದಂಡೆಯ ಒಂದು ಹಳ್ಳಿಗೆ ಮದುವೆಯಾಗಿ ಹೋದ ನಮ್ಮ ಚಿಕ್ಕ ಖಾಲಾ ಬಳಿ ಜಾಬ್ ಕಾರ್ಡು ಇದೆ. ನಿಪ್ಪಾಣಿ ನಗರಸಭೆಯ ಗಡಿಯೊಳಗಿರುವ ದೊಡ್ಡ ಖಾಲಾಗೆ ಇಲ್ಲ, ಏಕೆಂದರೆ ಖಾತರಿ ಹಳ್ಳಿಗೆ ಮಾತ್ರ. ಇಬ್ಬರೂ ಬೀಡಿ ಕಟ್ಟಿ ಬೆಳೆದವರು. ಒಬ್ಬರಿಗೆ ಹಕ್ಕು ಉಂಟು, ಇನ್ನೊಬ್ಬರಿಗಿಲ್ಲ. ಇನ್ನೊಂದು ಗಡಿ ರಾಜ್ಯದ್ದು. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ, ಕಾಗಲ್ ದಾಟಿದರೆ ಮಹಾರಾಷ್ಟ್ರದ್ದು 312. ನಾಲೆಯ ಈ ದಂಡೆಯ ಬುಟ್ಟಿ ಮಣ್ಣಿಗೂ ಆ ದಂಡೆಯ ಬುಟ್ಟಿ ಮಣ್ಣಿಗೂ 58 ರೂಪಾಯಿಯ ವ್ಯತ್ಯಾಸ. ಖಾತರಿಯ ತವರು ಆ ಕಡೆ, ಕೂಲಿ ಹೆಚ್ಚು ಈ ಕಡೆ.

ಕಾಯ್ದೆ ಪರಿಪೂರ್ಣವಾಗಿತ್ತು ಎಂದು ನಾನು ಹೇಳಲಾರೆ. 2023ರಿಂದ ಹಾಜರಿಗೆ ಮೊಬೈಲ್ ಫೋಟೋ ಕಡ್ಡಾಯ. 2024ರಿಂದ ಕೂಲಿ ಪಾವತಿಗೆ ಆಧಾರ್ ಜೋಡಣೆ ಕಡ್ಡಾಯ. ಚಿಕ್ಕ ಖಾಲಾ ತಮ್ಮದೇ ಕೂಲಿಯ ಹಣ ತೆಗೆಯಲು ಹೋದಾಗ ಬೆರಳಚ್ಚಿನ ಯಂತ್ರ ಅವರನ್ನು ಗುರುತಿಸಲಿಲ್ಲ. ನಲವತ್ತು ವರ್ಷ ಎಲೆ ಸುತ್ತಿ, ದಾರ ಎಳೆದು ಬೆರಳ ಗೆರೆಗಳೇ ಸವೆದಿದ್ದವು. ಮೂರು ಸಲ ಹೋಗಿ ಬರಿಗೈಯಲ್ಲಿ ಬಂದರು. "ಕೆಲಸಾ ಮಾಡಿದ್ದಕ್ಕ ಬೆರಳ ಹೋದವು, ಬೆರಳ ಹೋಗಿದ್ದಕ್ಕ ಪಗಾರ ಹೋತು" ಎಂದು ನಕ್ಕರು. ನನಗೆ ನಗಲಾಗಲಿಲ್ಲ.

2025ರ ಡಿಸೆಂಬರ್‌ನಲ್ಲಿ ಈ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂತು. 'ವಿಕಸಿತ ಭಾರತ – ರೋಜ್‌ಗಾರ್ ಮತ್ತು ಆಜೀವಿಕಾ ಮಿಷನ್ ಗ್ಯಾರಂಟಿ (ಗ್ರಾಮೀಣ)' ಎಂದು ಹೆಸರು. ದಿನಗಳು ನೂರರಿಂದ 125ಕ್ಕೆ ಏರಿದವು. ಇದನ್ನು ಸ್ವಾಗತಿಸಬೇಕು. ರಾಜ್ಯಗಳೂ ಖರ್ಚಿನ ಹೊಣೆ ಹೊತ್ತರೆ ಸೋರಿಕೆ ಕಡಿಮೆಯಾಗುತ್ತದೆ, ಸುಗ್ಗಿಯಲ್ಲಿ ರೈತನಿಗೆ ಆಳು ಸಿಗುತ್ತದೆ ಎಂಬುದು ಸರ್ಕಾರದ ವಾದ. ನಮ್ಮ ಭಾಗದ ಕಬ್ಬು, ತಂಬಾಕು ಬೆಳೆಗಾರರಲ್ಲಿ ಆ ದೂರು ಇದ್ದದ್ದೂ ಹೌದು.

ಆದರೆ ಒಳಗಿನ ಬರಹ ಓದಬೇಕು. ಪ್ರತಿ ರಾಜ್ಯಕ್ಕೆ ಎಷ್ಟು ಹಣ ಎಂಬುದನ್ನು ಕೇಂದ್ರ ಮೊದಲೇ ನಿಗದಿ ಮಾಡುತ್ತದೆ. ಅದನ್ನು ಮೀರಿದ ಖರ್ಚು ರಾಜ್ಯದ್ದು. ಖರ್ಚಿನ ಪಾಲು ಬಹುತೇಕ ರಾಜ್ಯಗಳಿಗೆ 60:40. ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ವರ್ಷಕ್ಕೆ 60 ದಿನ ಕೆಲಸ ನಿಲ್ಲಿಸಬಹುದು. ಅಂದರೆ ಹಿಂದೆ ಕೂಲಿ ಬಜೆಟ್ಟನ್ನು ಅಳೆಯುತ್ತಿದ್ದರೆ, ಇನ್ನು ಬಜೆಟ್ ಕೂಲಿಯನ್ನು ಅಳೆಯುತ್ತದೆ. ಸುಗ್ಗಿಯಲ್ಲಿ ಹೊಲದ ಒಡೆಯ ಕಡಿಮೆ ಕೂಲಿ ಹೇಳಿದರೆ "ಪಂಚಾಯ್ತಿ ಕೆಲಸ ಐತ್ರೀ" ಎನ್ನುವ ಒಂದು ಮಾತು ಚಿಕ್ಕ ಖಾಲಾನಂಥವರ ಬಾಯಲ್ಲಿತ್ತು. ಆ ಅರವತ್ತು ದಿನ ಆ ಮಾತು ಇರುವುದಿಲ್ಲ. ಹೆಚ್ಚಿನ ಕೂಲಿ ಕೇಳಲು ಬಲವಿರುವ ಕಾಲವೂ ಅದೇ ಸುಗ್ಗಿಯ ಕಾಲ.

ಬಜೆಟ್ಟಿನ ಗುಟ್ಟಿಗೂ ಕೂಲಿಗೂ ಇರುವ ನಂಟು ಇಲ್ಲಿದೆ. ಹಕ್ಕು ಬೇಡಿಕೆಯ ಮೇಲೆ ನಿಂತಿದ್ದಾಗ ಬಜೆಟ್ಟಿನ ಅಂಕಿ ಬರೀ ಅಂದಾಜು. ಈಗ ಆ ಅಂಕಿಯೇ ಹಕ್ಕಿನ ಮಿತಿ. ಹಾಗಾದ ಮೇಲೆ ಅದನ್ನು ನೆಲಮಾಳಿಗೆಯಲ್ಲಿ ಬರೆಯುವುದು ಯಾವ ನ್ಯಾಯ?

ಮಧ್ಯರಾತ್ರಿಯ ಹಿರಿಯರು

ಈ ಮಸೂದೆ ಡಿಸೆಂಬರ್ 16ರಂದು ಲೋಕಸಭೆಯಲ್ಲಿ ಮಂಡನೆಯಾಯಿತು. 18ರಂದು ಅಲ್ಲಿ ಅಂಗೀಕಾರ. ಅದೇ ದಿನ ರಾಜ್ಯಸಭೆಗೆ ಹೋಗಿ ಮಧ್ಯರಾತ್ರಿ ದಾಟಿದ ಮೇಲೆ ಧ್ವನಿಮತದಿಂದ ಪಾಸಾಯಿತು. 21ರಂದು ರಾಷ್ಟ್ರಪತಿಗಳ ಅಂಕಿತ. ಸಮಿತಿಗೆ ಕಳಿಸಿ ಎಂಬ ವಿರೋಧ ಪಕ್ಷಗಳ ಬೇಡಿಕೆ ಬಿದ್ದುಹೋಯಿತು. 2005ರಲ್ಲಿ ಎಂಟು ತಿಂಗಳು ಚರ್ಚಿಸಿದ ಹಕ್ಕನ್ನು ಬದಲಿಸಲು 2025ರಲ್ಲಿ ಒಂದು ವಾರವೂ ಬೇಕಾಗಲಿಲ್ಲ. ಕೆಳಮನೆಯ ಅವಸರಕ್ಕೆ ಮೇಲ್ಮನೆ ಕಡಿವಾಣ ಎಂದು ಪೌರನೀತಿ ಪುಸ್ತಕದಲ್ಲಿ ಓದಿದ್ದೆವು. ಆ ರಾತ್ರಿ ಕಡಿವಾಣವೇ ಕುದುರೆಗಿಂತ ಮುಂದೆ ಓಡಿತು.

ಬಜೆಟ್ಟಿನ ವಿಷಯದಲ್ಲಿ ರಾಜ್ಯಸಭೆಗೆ ಅಧಿಕಾರ ಇನ್ನೂ ಕಡಿಮೆ. ಸಂವಿಧಾನದ 109ನೇ ವಿಧಿಯಂತೆ ಹಣಕಾಸು ಮಸೂದೆಯನ್ನು ಅದು 14 ದಿನದೊಳಗೆ ವಾಪಸು ಕಳಿಸಬೇಕು. ಅದರ ಸಲಹೆಯನ್ನು ಲೋಕಸಭೆ ಕೇಳಬಹುದು, ಬಿಡಬಹುದು. ಇಲ್ಲೊಂದು ವಿಚಿತ್ರವಿದೆ. ಖಾಲಾ ಟಿ.ವಿ.ಯಲ್ಲಿ ನೋಡಿದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2016ರಲ್ಲಿ ಮತ್ತು 2022ರಲ್ಲಿ ರಾಜ್ಯಸಭೆಗೆ ಆರಿಸಿಹೋದದ್ದು ಕರ್ನಾಟಕದಿಂದಲೇ. ದೇಶದ ಹಣದ ಚೀಲ ನಮ್ಮ ರಾಜ್ಯದ ಪ್ರತಿನಿಧಿಯ ಕೈಯಲ್ಲಿದೆ. ಅವರು ಸದಸ್ಯರಾಗಿರುವ ಸದನಕ್ಕೆ ಆ ಚೀಲದ ಬಾಯಿ ಬಿಚ್ಚುವ ಅಧಿಕಾರವಿಲ್ಲ. 2003ರಲ್ಲಿ ಕಾನೂನು ತಿದ್ದಿ, ರಾಜ್ಯಸಭೆಗೆ ನಿಲ್ಲುವವರು ಅದೇ ರಾಜ್ಯದ ಮತದಾರರಾಗಿರಬೇಕು ಎಂಬ ಷರತ್ತನ್ನು ತೆಗೆದರು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ರಾಜ್ಯಗಳ ಸಭೆಗೆ ರಾಜ್ಯದ ನಂಟು ಅಲ್ಲಿಂದ ಸಡಿಲವಾಯಿತು.

ಹಾಗೆಂದು ಮೇಲ್ಮನೆಗೆ ಬಜೆಟ್ ತಡೆಯುವ ಶಕ್ತಿ ಕೊಡಬೇಕೇ? ಬೇಡ. ಬ್ರಿಟನ್ನಿನಲ್ಲಿ 1909ರಲ್ಲಿ ಲಾಯ್ಡ್ ಜಾರ್ಜ್ ಬಡವರ ಪಿಂಚಣಿಯಂಥ ಖರ್ಚಿಗಾಗಿ ಜಮೀನ್ದಾರರ ಮೇಲೆ ತೆರಿಗೆ ಹಾಕಿದಾಗ ಅಲ್ಲಿನ ಲಾರ್ಡ್‌ಗಳ ಸಭೆ ಬಜೆಟ್ಟನ್ನೇ ತಿರಸ್ಕರಿಸಿತು. ಹಿರಿಯರು ಕಾಯ್ದದ್ದು ದೇಶವನ್ನಲ್ಲ, ತಮ್ಮ ಹೊಲಗಳನ್ನು. 1911ರ ಕಾಯ್ದೆ ಆ ಅಧಿಕಾರವನ್ನು ಕಿತ್ತುಕೊಂಡಿತು. ಸರಿಯಾದ ಕೆಲಸ. ಮೇಲ್ಮನೆಗೆ ಬೇಕಾದದ್ದು ಕೇಳುವ ಅಧಿಕಾರ, ಬಹಿರಂಗವಾಗಿ ಕೇಳುವ ಅಧಿಕಾರ.

ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳ ಲೆಕ್ಕ ನೋಡಿ. 25 ಶಾಸಕರಿಂದ, 25 ಸ್ಥಳೀಯ ಸಂಸ್ಥೆಗಳ ಸದಸ್ಯರಿಂದ, 7 ಪದವೀಧರರಿಂದ, 7 ಶಿಕ್ಷಕರಿಂದ, 11 ನಾಮಕರಣ. ಶಿಕ್ಷಕರ ಕ್ಷೇತ್ರದಲ್ಲಿ ಪ್ರೌಢಶಾಲೆ ಮತ್ತು ಮೇಲಿನವರಿಗಷ್ಟೇ ಮತ. ಬೀಡಿ ಕಾರ್ಮಿಕರ ಮಕ್ಕಳಿಗೆ ಅಲಿಫ್ ಬೇ ಕಲಿಸಿ, ಜಗಲಿಯ ಮೇಲೆ ಕುಳಿತು ಅರ್ಜಿ ಬರೆದುಕೊಟ್ಟ ನಮ್ಮ ಮಾಸ್ತರರಿಗೆ ಆ ಮತ ಇರಲಿಲ್ಲ. ಅವರು ಪ್ರಾಥಮಿಕ ಶಾಲೆಯವರು. ಪದವೀಧರರಿಗೆ ಒಂದು ಹೆಚ್ಚಿನ ಮತ, ಪದವಿ ಇಲ್ಲದ ಬೀಡಿ ಕಾರ್ಮಿಕರಿಗಿಲ್ಲ. 1950ರಲ್ಲಿ ಪದವೀಧರರು ವಿರಳವಾಗಿದ್ದಾಗ ಇದಕ್ಕೆ ಅರ್ಥವಿದ್ದಿರಬಹುದು. ಈಗ?

ಸ್ಥಳೀಯ ಸಂಸ್ಥೆಗಳ ಕ್ಷೇತ್ರವಾದರೂ ಹಳ್ಳಿಯ ದನಿಯಾಗಬೇಕಿತ್ತು. ಅಬ್ದುಲ್ ನಜೀರ್ ಸಾಬರು 1980ರ ದಶಕದಲ್ಲಿ ಕಟ್ಟಿದ ಪಂಚಾಯತ್ ವ್ಯವಸ್ಥೆಯ ಕನಸಿಗೆ ಪರಿಷತ್ತಿನಲ್ಲಿ ಸಿಕ್ಕ ಬಾಗಿಲು ಅದು. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಎರಡು ಸ್ಥಾನಗಳಿಗೆ ಆರಿಸಿಬಂದವರು ಚನ್ನರಾಜ ಹಟ್ಟಿಹೊಳಿ ಮತ್ತು ಲಖನ್ ಜಾರಕಿಹೊಳಿ. ಇಬ್ಬರೂ ಜಿಲ್ಲೆಯ ಪ್ರಬಲ ರಾಜಕೀಯ ಮನೆತನಗಳವರು. ಅವರ ಅರ್ಹತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಗ್ರಾಮ ಪಂಚಾಯಿತಿಯ ಸಾಮಾನ್ಯ ಸದಸ್ಯೆ ಆ ಸ್ಥಾನದ ಕನಸು ಕಾಣಲು ಸಾಧ್ಯವೇ ಎಂದು ಕೇಳುತ್ತಿದ್ದೇನೆ. ಇನ್ನು 2020ರ ಡಿಸೆಂಬರ್ 15ರಂದು ಪರಿಷತ್ತಿನಲ್ಲಿ ಪೀಠದಲ್ಲಿದ್ದ ಉಪಸಭಾಪತಿಯವರನ್ನು ಎಳೆದಾಡಿದ ದೃಶ್ಯವನ್ನು ನಾಡು ಮರೆತಿಲ್ಲ. ಹಿರಿಯರ ಮನೆ ಎಂಬ ಹೆಸರಿಗೆ ಅಂದು ನಾಚಿಕೆಯಾಗಿತ್ತು.

ಹಾಗಾದರೆ ಮುಚ್ಚಿಬಿಡೋಣವೇ? ಪಶ್ಚಿಮ ಬಂಗಾಳ 1969ರಲ್ಲಿ, ತಮಿಳುನಾಡು 1986ರಲ್ಲಿ ಮುಚ್ಚಿದವು. ಆಂಧ್ರ 1985ರಲ್ಲಿ ಮುಚ್ಚಿ 2007ರಲ್ಲಿ ಮತ್ತೆ ತೆರೆಯಿತು. ಖರ್ಚಿನ ದೃಷ್ಟಿಯಿಂದ ಮುಚ್ಚುವ ವಾದಕ್ಕೆ ಬಲವಿದೆ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ, ಅದಕ್ಕೆ ನಮ್ಮ ಊರಿನದೇ ಒಂದು ಕಾರಣವಿದೆ. 1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಮುಂದಿನ ವರ್ಷದ ಕೊನೆಗೆ ಅವರನ್ನು ಮುಂಬಯಿ ಶಾಸನ ಪರಿಷತ್ತಿಗೆ ನಾಮಕರಣ ಮಾಡಲಾಯಿತು. 1927ರ ಫೆಬ್ರವರಿಯಲ್ಲಿ ಅಲ್ಲಿ ಅವರು ಮಾತಾಡಿದ ಮೊದಲ ವಿಷಯ ಬಜೆಟ್. ಆದಾಯ ಇಲ್ಲದವನಿಗೆ ಆದಾಯ ತೆರಿಗೆ ಇಲ್ಲ, ಬೆಳೆ ಬರಲಿ ಬಿಡಲಿ ಸಣ್ಣ ರೈತ ಮಾತ್ರ ಭೂಕಂದಾಯ ಕಟ್ಟಬೇಕು, ಇದ್ಯಾವ ನ್ಯಾಯ ಎಂಬುದು ಅವರ ವಾದದ ತಿರುಳು. ಚುನಾವಣೆಯಲ್ಲಿ ಗೆಲ್ಲಲು ದಾರಿಯೇ ಇಲ್ಲದ ಜನರ ದನಿ ನಾಮಕರಣದ ಬಾಗಿಲಿನಿಂದ ಒಳಗೆ ಹೋಗಿ ನೇರ ಹಣದ ಲೆಕ್ಕವನ್ನೇ ಕೇಳಿತು. 1952ರಲ್ಲಿ ಲೋಕಸಭೆ ಚುನಾವಣೆ ಸೋತಾಗಲೂ ಅವರು ಸಂಸತ್ತಿನಲ್ಲಿ ಉಳಿದದ್ದು ರಾಜ್ಯಸಭೆಯ ಮೂಲಕ. ನಿಪ್ಪಾಣಿಯ ಹೆದ್ದಾರಿಯ ಮೇಲೆ ಕುಳಿತ ಶರದ್ ಜೋಶಿಯವರೂ 2004ರಿಂದ 2010ರವರೆಗೆ ರಾಜ್ಯಸಭೆಯಲ್ಲಿದ್ದರು. ನಮ್ಮ ಕವಿ ಸಿದ್ಧಲಿಂಗಯ್ಯನವರು ವಿಧಾನ ಪರಿಷತ್ತಿನಲ್ಲಿ ಕುಳಿತು ಕೇರಿಯ ಮಾತನ್ನು ಕಡತಕ್ಕೆ ಸೇರಿಸಿದರು. ಬಾಗಿಲು ಕೆಟ್ಟಿಲ್ಲ. ಅದರಿಂದ ಯಾರನ್ನು ಒಳಗೆ ಬಿಡುತ್ತೇವೆ ಎಂಬುದು ಕೆಟ್ಟಿದೆ.

ಜಮಾಬಂದಿಯ ಪಾಠ

ಕನ್ನಡದಲ್ಲಿ ಹಣದ ಲೆಕ್ಕಕ್ಕೆ ಬಳಸುವ ಮಾತುಗಳನ್ನು ಗಮನಿಸಿ. ಜಮಾ, ಖರ್ಚು, ಬಾಕಿ, ವಸೂಲಿ, ಖಜಾನೆ. ಎಲ್ಲ ಫಾರಸಿ, ಅರಬಿಯಿಂದ ಬಂದು ನಮ್ಮ ಹಳ್ಳಿಗರ ನಾಲಿಗೆಯಲ್ಲಿ ಕನ್ನಡವಾದವು. ಆ ಸಾಲಿನಲ್ಲಿ 'ಜಮಾಬಂದಿ' ಎಂಬ ಮಾತೂ ಇದೆ. ಕರ್ನಾಟಕದ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯಬೇಕು. ವರ್ಷದ ಜಮಾ ಖರ್ಚನ್ನು ಜನರ ಎದುರು ಓದಬೇಕು. ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು. ಎಲ್ಲ ಕಡೆ ಸರಿಯಾಗಿ ನಡೆಯುತ್ತದೆ ಎನ್ನಲಾರೆ. ಆದರೂ ನಿಯಮ ನಿಯಮವೇ. ಹಳ್ಳಿಯ ಸಾವಿರದ ಲೆಕ್ಕ ಬಯಲಿನಲ್ಲಿ, ದಿಲ್ಲಿಯ ಲಕ್ಷ ಕೋಟಿಯ ಲೆಕ್ಕ ನೆಲಮಾಳಿಗೆಯಲ್ಲಿ!

ನನ್ನ ಬೇಡಿಕೆ ದೊಡ್ಡದಲ್ಲ. ತೆರಿಗೆಯ ಗುಟ್ಟು ತೆರಿಗೆಗಷ್ಟೇ ಇರಲಿ. ಖರ್ಚಿನ ಅಂದಾಜು, ಅದರಲ್ಲೂ ಹಳ್ಳಿಯ ಕೂಲಿ ಮತ್ತು ಅಸಂಘಟಿತ ಕಾರ್ಮಿಕರ ಪಾಲು, ಎರಡು ತಿಂಗಳು ಮೊದಲೇ ಕರಡಾಗಿ ಹೊರಬರಲಿ, ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲಿ. ರಾಜ್ಯಸಭೆ ತನ್ನ 14 ದಿನಗಳನ್ನು ಆತುರದಲ್ಲಿ ಮುಗಿಸದೆ ಬಹಿರಂಗ ವಿಚಾರಣೆಗೆ ಬಳಸಲಿ. ಕೂಲಿಯವರ ಹಕ್ಕು ಬದಲಿಸುವ ಯಾವ ಮಸೂದೆಯೂ ಸಮಿತಿಗೆ ಹೋಗದೆ ಪಾಸಾಗದಿರಲಿ. ವಿಧಾನ ಪರಿಷತ್ತಿನ ಪದವೀಧರ ಸ್ಥಾನಗಳ ಜಾಗದಲ್ಲಿ ಕೃಷಿ ಕೂಲಿಗಳು, ನೇಕಾರರು, ಬೀಡಿ ಕಟ್ಟುವವರು ತಮ್ಮವರನ್ನು ಆರಿಸಿ ಕಳಿಸಲಿ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಮತ ಸಿಗಲಿ. ಇವಕ್ಕೆ ಕೆಲವು ಕಡೆ ಸಂವಿಧಾನದ ತಿದ್ದುಪಡಿ ಬೇಕು, ಕೆಲವು ಕಡೆ ಬರೀ ಮನಸ್ಸು ಸಾಕು.

2017ರ ಮಾರ್ಚ್ ತಿಂಗಳ ರಾಜ್ಯ ಬಜೆಟ್ಟಿನಲ್ಲಿ ನಿಪ್ಪಾಣಿಯನ್ನು ತಾಲೂಕು ಮಾಡುವ ಘೋಷಣೆ ಬಂದಾಗ ಇಲ್ಲಿ ಪಟಾಕಿ ಹೊಡೆದರು. ಬಜೆಟ್ಟಿನ ಒಂದು ಸಾಲು ಒಂದು ಊರಿನ ಹೆಸರು ಬದಲಿಸಬಲ್ಲದು ಎಂದು ಅಂದು ಕಂಡೆವು. ಅದೇ ವರ್ಷ ಜುಲೈಯಲ್ಲಿ ಬೀಡಿ ಸೆಸ್ ಹೋಯಿತು. ಅದಕ್ಕೆ ಯಾರೂ ಅಳಲಿಲ್ಲ, ಗೊತ್ತಿದ್ದರಲ್ಲವೇ ಅಳುವುದು?

ಈ ಲೇಖನ ಮುಗಿಸುವ ಮುನ್ನ ದೊಡ್ಡ ಖಾಲಾ ಮನೆಗೆ ಹೋಗಿದ್ದೆ. ಬೀಡಿಯ ತೆರಿಗೆ ಇಳಿಸುವ ತೀರ್ಮಾನದ ಸುದ್ದಿ ಹೇಳಿದೆ. ಅವರು ತಲೆಯೆತ್ತದೆ ಕೇಳಿದರು, "ಸಾವಿರ ಬೀಡಿಗೆ ಕೂಲಿ ಎಷ್ಟು ಹೆಚ್ಚಾತು?" ಅದು ಆ ತೀರ್ಮಾನದಲ್ಲಿ ಇಲ್ಲ ಖಾಲಾ ಎಂದೆ. "ಹಂಗಾದ್ರ ನಮ್ಮ ಸುದ್ದಿ ಯಾವಾಗ ಬರ್ತದ, ಅದನ್ನ ತಿಳ್ಕೊಂಡು ಬಾ" ಎಂದು ದಾರದ ಉಂಡೆಯನ್ನು ನನ್ನ ಕೈಗೆ ಕೊಟ್ಟರು. ತುದಿ ಸಿಕ್ಕುಬಿದ್ದಿತ್ತು. ಬಿಡಿಸುತ್ತ ಕುಳಿತೆ.